ಹಿರೇಕೊಡಿಗೆಯವರನ್ನು ಕೇಳಿದ್ರಾ?

ಕುವೆಂಪು ಹುಟ್ಟಿದ್ದು ಎಲ್ಲಿ ಅಂತ ಕೇಳಿದರೆ ನಮ್ಮ ಕ್ಲಾಸಿನಲ್ಲಿ ಹೆಚ್ಚಿನವರು ಕುಪ್ಪಳಿ ಅಂತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನೂ ಹಾಗೇ ಅಂದುಕೊಂಡಿದ್ದೆ. ನಿಜವಾಗಿ ಅವರು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಕವಿಮನೆ, ಕವಿಶೈಲ ಇರೋದು ಅಲ್ಲೇ, ಹಾಗಾಗಿ ಪ್ರವಾಸಿಗರೂ ಅಲ್ಲಿಗೇ ಹೋಗ್ತಾರೆ.

ಇದು ಗೊತ್ತಾದ ಕೂಡಲೇ ನಮ್ಮ ಟೀಮ್ ಮಿನಿ ಪ್ರಾಜೆಕ್ಟ್‌ಗೆ ಒಂದು ಆ್ಯಪ್ ಪ್ಲಾನ್ ಮಾಡಿತು. ಶೃಂಗೇರಿ ಕಡೆ ಬರುವವರಿಗೆ ಹಿರೇಕೊಡಿಗೆಯ ದಾರಿ, ಊಟ, ಹೋಂಸ್ಟೇ ತೋರಿಸೋದು. ಮ್ಯಾಪ್ ಆಯ್ತು, ಲೋಗೋ ಕೂಡ ಆಯ್ತು. ಊರಿನವರು ಎಷ್ಟು ಜನರನ್ನು ಮಾತಾಡಿಸಿದ್ದೆವು? ಸೊನ್ನೆ. ರಿವ್ಯೂನಲ್ಲಿ ಇದನ್ನೇ ಕೇಳಿದಾಗ "ಆಮೇಲೆ ಅವೇರ್‌ನೆಸ್ ಪ್ರೋಗ್ರಾಂ ಮಾಡ್ತೀವಿ ಸರ್" ಅಂದೆವು. ಈಗ ನೆನಪಾದರೆ ನಾಚಿಕೆ.

1969ರಲ್ಲಿ ಅಮೆರಿಕದ ಶೆರ್ರಿ ಆರ್ನ್‌ಸ್ಟೀನ್ ಜನರ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲಿನ ಏಣಿಗೆ ಹೋಲಿಸಿದರು. ಕೆಳಗಿನ 2 ಪಾಲ್ಗೊಳ್ಳುವಿಕೆಯೇ ಅಲ್ಲ. ಮಾಹಿತಿ ಕೊಡೋದು 3ನೆಯದು, ಅಭಿಪ್ರಾಯ ಕೇಳೋದು 4ನೆಯದು. ನಿರ್ಧಾರದಲ್ಲಿ ಜನರಿಗೆ ನಿಜವಾದ ಪಾಲು ಸಿಗೋದು 6ನೆಯ ಮೆಟ್ಟಿಲಿನಿಂದ. ನಮ್ಮ ಅವೇರ್‌ನೆಸ್ ಪ್ರೋಗ್ರಾಂ ಬರೀ 3ನೆಯದು! ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಹೇಳೋದಾದ್ರೆ ಓಪನ್ ಲೂಪ್, ಫೀಡ್‌ಬ್ಯಾಕ್ ಇಲ್ಲ.

ಲೂಪ್ ಮುಚ್ಚಿದ್ದಕ್ಕೆ ಪಕ್ಕದ ಕೇರಳದ ಕುಮರಕಂ ನೋಡಿ. 2008ರ ಹೊತ್ತಿಗೆ ಅಲ್ಲಿನ ರೆಸಾರ್ಟ್‌ಗಳು ಊರಿನ ತರಕಾರಿಯನ್ನೇ ಕೊಳ್ಳಲು ಒಪ್ಪಿದವು. ಕುಟುಂಬಶ್ರೀಯ ಮಹಿಳೆಯರು ಬೆಳೆದು ಕೊಟ್ಟರು, ಪಂಚಾಯಿತಿಯೂ ಜೊತೆಗಿತ್ತು. ಪ್ರವಾಸಿಗರ ದುಡ್ಡಿನ ಒಂದು ಭಾಗ ಊರಿನಲ್ಲೇ ಉಳಿಯಿತು. ಹಾಗಾದ ಮೇಲೆ ಟೂರಿಸಂ ಅಂದ್ರೇನು ಅಂತ ಅಲ್ಲಿನವರಿಗೆ ಪೋಸ್ಟರ್ ಹಚ್ಚಿ ಹೇಳಬೇಕಾ?

ನಮ್ಮಲ್ಲಿ ಇದಕ್ಕೆ ಹೊಸ ವೇದಿಕೆ ಕಟ್ಟಬೇಕಾಗಿಲ್ಲ, 1993ರ ಪಂಚಾಯತ್ ರಾಜ್ ಕಾಯ್ದೆಯ ಗ್ರಾಮಸಭೆ ಇದೆ. ಅಲ್ಲಿ ಕೇಳಬೇಕಾದ್ದು ಬಹಳ ಸರಳ. ಕಸ ಎತ್ತೋರು ಯಾರು? ಮಲೆನಾಡಿನ ಮಳೆಗೆ ಈ ರಸ್ತೆ ಎಷ್ಟು ಕಾರು ತಡೆಯುತ್ತೆ? ಅಡಿಕೆ ಕೊಯ್ಲಿನ ದಿನಗಳಲ್ಲಿ ಅತಿಥಿಗಳಿಗೆ ಅಡುಗೆ ಮಾಡೋಕೆ ಮನೆಯ ಹೆಂಗಸರಿಗೆ ಪುರುಸೊತ್ತು ಇರುತ್ತಾ? ಅವರನ್ನು ಬಿಟ್ಟು ಗಂಡಸರಷ್ಟೇ ಉತ್ತರ ಕೊಟ್ಟರೆ ಅದೂ ಅರ್ಧ ಡೇಟಾ.

ಆ್ಯಪ್ ಸದ್ಯಕ್ಕೆ ನಿಲ್ಲಿಸಿದ್ದೇವೆ. ಸೆಮಿಸ್ಟರ್ ರಜೆಯಲ್ಲಿ ನೋಟ್‌ಬುಕ್ ಹಿಡಿದು ಹೋಗ್ತೀವಿ. ಮೊದಲ ಪುಟದಲ್ಲಿ ಒಂದೇ ಪ್ರಶ್ನೆ ಬರೆದಿದ್ದೇವೆ: ಇಲ್ಲಿಗೆ ಟೂರಿಸ್ಟ್‌ಗಳು ಬರೋದು ನಿಮಗೆ ಬೇಕಾ?