ಗುಡ್ಡದಾಚೆಯ ಜ್ವರಕ್ಕೆ ಎಷ್ಟು ಕಡ್ಡಿ ನೆಟ್‌ವರ್ಕ್ ಬೇಕು?

ಹಾಸ್ಟೆಲ್‌ನಲ್ಲಿ ಹತ್ತು ನಿಮಿಷ ವೈಫೈ ಹೋದ್ರೆ ನಾವು ಗಲಾಟೆ ಮಾಡ್ತೀವಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಎಷ್ಟೋ ಒಂಟಿಮನೆಗಳಲ್ಲಿ ಗುಡ್ಡ ಹತ್ತಿದರಷ್ಟೇ ಕರೆ ಹೋಗುತ್ತೆ. ಮನೆಯಲ್ಲಿ ಜ್ವರದವರಿದ್ದರೆ ಇದು ಬರೀ ಕಿರಿಕಿರಿಯ ವಿಷಯವಲ್ಲ.

ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ಈ ಮೂರೂ ತಾಲ್ಲೂಕುಗಳಲ್ಲಿ ಕಾಣಿಸಿಕೊಂಡಿದೆ. ಹರಡುವುದು ಉಣ್ಣೆಗಳಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಜನ ದರಗು, ಸೌದೆಗೆ ಕಾಡಿಗೆ ಹೋಗುವ ಕಾಲದಲ್ಲಿ. ಇದಕ್ಕೆಂದೇ ನಿರ್ದಿಷ್ಟ ಔಷಧಿ ಇಲ್ಲ. ಬೇಗ ಗುರುತಿಸಿ, ಆಸ್ಪತ್ರೆಯಲ್ಲಿ ಆರೈಕೆ ಮಾಡುವುದೇ ದಾರಿ. ಹಾಗಾಗಿ ಸುದ್ದಿ ತಡವಾದರೆ ಚಿಕಿತ್ಸೆಯೂ ತಡ.

ಟವರ್ ಹಾಕಿದ್ರೆ ಆಯ್ತಲ್ವಾ? ಅಷ್ಟು ಸುಲಭವಲ್ಲ. ಗುಡ್ಡದ ಹಿಂದೆ ರೇಡಿಯೊ ನೆರಳು ಬೀಳುತ್ತೆ. ಆವರ್ತನ ಹೆಚ್ಚಾದಷ್ಟೂ ಅಲೆ ಗುಡ್ಡ ಬಳಸಿ ಬಾಗುವುದು ಕಡಿಮೆ. ಒದ್ದೆ ಎಲೆಗಳೂ ಅದನ್ನು ಹೀರುತ್ತವೆ. ಕರೆಂಟ್ ಹೋಗಿ ಬ್ಯಾಟರಿ ಮುಗಿದರೆ ಟವರ್ರೇ ಮೌನ. ಇನ್ನು ಮನೆಗಳು ಒಂದೊಂದು ಗುಡ್ಡದ ಬುಡದಲ್ಲಿ ಒಂದೊಂದು.

2019ರಲ್ಲಿ ಶುರುವಾದ ಇ-ಸಂಜೀವಿನಿಯಲ್ಲಿ ಒಂದು ಒಳ್ಳೆಯ ಯೋಚನೆ ಇದೆ: ಹತ್ತಿರದ ಆರೋಗ್ಯ ಕೇಂದ್ರದ ಸಿಬ್ಬಂದಿಯೇ ರೋಗಿಯ ಪರವಾಗಿ ದೂರದ ವೈದ್ಯರನ್ನು ಸಂಪರ್ಕಿಸಬಹುದು. ರೋಗಿಯ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಲೇಬೇಕಿಲ್ಲ. ಆದರೆ ಮನೆಯಿಂದ ಕೇಂದ್ರಕ್ಕೆ ಸುದ್ದಿ ಮುಟ್ಟಿಸೋದು ಹೇಗೆ?

ಇಲ್ಲಿ ಹಳೆಯ ಎಸ್‌ಎಂಎಸ್ ಕೆಲಸಕ್ಕೆ ಬರುತ್ತೆ. ಅದಕ್ಕೆ ಡೇಟಾ ಬೇಡ, ಕೀಪ್ಯಾಡ್ ಫೋನ್ ಸಾಕು. ಪಡೆಯುವವರ ಫೋನ್ ವ್ಯಾಪ್ತಿಯಲ್ಲಿ ಇಲ್ಲದಿದ್ದರೆ ಸಂದೇಶ ಕೇಂದ್ರದಲ್ಲಿ ಕೆಲಕಾಲ ಕಾದು, ಸಿಗ್ನಲ್ ಸಿಕ್ಕಾಗ ತಲುಪುತ್ತೆ. ಆದರೆ ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ 160 ಅಕ್ಷರ ಹಿಡಿದರೆ, ಯೂನಿಕೋಡ್ ಕನ್ನಡಕ್ಕೆ ಸಿಗೋದು 70 ಸ್ಥಾನ ಮಾತ್ರ. ‘ಜ್ವರ’ ನಮ್ಮ ಕಣ್ಣಿಗೆ ಎರಡಕ್ಷರ; ಫೋನ್‌ಗೆ ಜ, ಹಲಂತ, ವ, ರ ಸೇರಿ ನಾಲ್ಕು.

ಹಾಗಾದರೆ ಆಶಾ ಕಾರ್ಯಕರ್ತೆಗಾಗಿ ನಾವೊಂದು ಆ್ಯಪ್ ಬರೆಯುವಾಗ ಮೂರು ನಿಯಮ ಇಟ್ಟುಕೊಳ್ಳೋಣ. ಮಾಹಿತಿ ಮೊದಲು ಫೋನ್‌ನಲ್ಲೇ ಉಳಿಯಲಿ. ನೆಟ್‌ವರ್ಕ್ ಬಂದಾಗ ತಾನಾಗೇ ಹೋಗಲಿ. ತುರ್ತು ಲಕ್ಷಣಗಳು ಚಿಕ್ಕ ಅಂಕಿ-ಸಂಕೇತವಾಗಿ ಎಸ್‌ಎಂಎಸ್‌ನಲ್ಲಿ ಹೋಗಲಿ, ರೋಗಿಯ ಹೆಸರು ಬೇಡ. ‘ಕಳಿಸಿದೆ’ ಅನ್ನುವುದೂ ‘ತಲುಪಿತು’ ಅನ್ನುವುದೂ ಪರದೆಯ ಮೇಲೆ ಬೇರೆ ಬೇರೆಯಾಗಿ ಕಾಣಲಿ. ತಲುಪಿಲ್ಲ ಅಂತ ಗೊತ್ತಾದ್ರೆ ಆಕೆ ಜೀಪ್ ಹುಡುಕಿಯಾಳು. ತಲುಪಿದೆ ಅಂದುಕೊಂಡರೆ ಕಾಯುತ್ತಾ ಕೂರುತ್ತಾಳೆ.

ಮುಂದಿನ ಪ್ರಾಜೆಕ್ಟ್ ಡೆಮೊಗೆ ಮುಂಚೆ ಒಮ್ಮೆ ಏರೋಪ್ಲೇನ್ ಮೋಡ್ ಒತ್ತಿ ನೋಡಿ. ಆಗ ನಿಮ್ಮ ಆ್ಯಪ್‌ನಲ್ಲಿ ಏನು ಉಳಿಯುತ್ತೋ, ಗುಡ್ಡದಾಚೆಯ ಮನೆಗೆ ಸಿಗೋದು ಅಷ್ಟೇ.