ಕರಾವಳಿಯ ಮನೆಗಳಿಗೆ ಕಿಟಕಿ ಪರದೆ: ಆಯ್ಕೆ ಮತ್ತು ಆರೈಕೆ

ಭತ್ತದ ಬೀಜವನ್ನು ಶೇಕಡ 13ಕ್ಕಿಂತ ಹೆಚ್ಚು ತೇವಾಂಶವಿರುವಾಗ ಕಟ್ಟಿಟ್ಟರೆ ಬೂಷ್ಟು ಹಿಡಿಯುವುದೆಂಬುದು ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದ ರೈತರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ಅದೇ ಮನೆಯ ಕಿಟಕಿಗೆ ತೂಗುಬಿಟ್ಟ ಬಟ್ಟೆಗೂ ಬೂಷ್ಟಿನ ಭಯವಿದೆಯೆಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಈ ಪ್ರದೇಶದಲ್ಲಿ, ಬಯಲುಸೀಮೆಯ ಮನೆಗೆ ಒಪ್ಪುವ ದಪ್ಪ ಪರದೆಯು ಒಂದೇ ಮಳೆಗಾಲದಲ್ಲಿ ಕಪ್ಪು ಚುಕ್ಕಿ ಹಿಡಿದು ಹಾಳಾಗಬಹುದು. ನಷ್ಟ ಬಟ್ಟೆಯದು ಮಾತ್ರವಲ್ಲ. ಪರದೆ ಸರಿಸಿದಾಗಲೆಲ್ಲ ಬೂಷ್ಟಿನ ಬೀಜಕಣಗಳು ಗಾಳಿಗೆ ಸೇರಿ, ಮನೆಯಲ್ಲಿ ದಮ್ಮಿನ ತೊಂದರೆಯುಳ್ಳ ಮಕ್ಕಳು, ವೃದ್ಧರಿದ್ದರೆ ಅವರ ಉಸಿರಾಟಕ್ಕೆ ಕಷ್ಟವಾಗುತ್ತದೆ.

ಹಿಂದಿನವರು ಮಳೆಯ ಎರಚಲಿಗೆ ತೆಂಗಿನ ಮಡಲು ಹೆಣೆದ ತಟ್ಟಿ ಕಟ್ಟುತ್ತಿದ್ದರು. ಅದು ಬೂಷ್ಟು ಹಿಡಿದರೂ ಚಿಂತೆಯಿರಲಿಲ್ಲ, ಮಳೆ ಕಳೆದ ಮೇಲೆ ಗೊಬ್ಬರದ ಗುಂಡಿಗೋ ಒಲೆಗೋ ಹೋಗುತ್ತಿತ್ತು. ಹಣ ಕೊಟ್ಟು ತಂದ ಪರದೆಯನ್ನು ಹಾಗೆ ಎಸೆಯಲಾಗದು.

ಬಟ್ಟೆಯ ಆಯ್ಕೆಯಲ್ಲಿ ಮೊದಲು ನೋಡಬೇಕಾದುದು ಬಣ್ಣವಲ್ಲ, ನೂಲು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 65 ಇರುವಾಗ ಹತ್ತಿಯು ತನ್ನ ತೂಕದ ಸುಮಾರು ಶೇಕಡ 8.5ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಶೇಕಡ 0.4ರಷ್ಟು ಮಾತ್ರ. ಮಳೆಗಾಲದಲ್ಲಿ ಆರ್ದ್ರತೆ ಇನ್ನೂ ಏರುವುದರಿಂದ ಹತ್ತಿಯ ತೇವವೂ ಏರುತ್ತದೆ. ಮೇಲಾಗಿ ಹತ್ತಿಯ ಸೆಲ್ಯುಲೋಸ್ ಶಿಲೀಂಧ್ರಕ್ಕೆ ಆಹಾರ. ಹಾಗೆಂದು ಎಲ್ಲ ಕಿಟಕಿಗೂ ಪಾಲಿಯೆಸ್ಟರ್ ಹಾಕುವುದು ಸರಿಯಲ್ಲ. ಅದರ ಮೇಲೆ ಕುಳಿತ ಧೂಳು, ಎಣ್ಣೆಯ ಜಿಡ್ಡುಗಳಲ್ಲಿಯೂ ಬೂಷ್ಟು ಬೆಳೆಯುತ್ತದೆ. ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುವುದರಿಂದ ಅಡುಗೆಮನೆಗೆ ಅದು ಬೇಡವೇ ಬೇಡ. ಒಲೆಯ ಪಕ್ಕದ ಕಿಟಕಿಗೆ ಯಾವ ಪರದೆಯೂ ಇಲ್ಲದಿರುವುದೇ ಲೇಸು. ಉಳಿದ ಕೋಣೆಗಳಿಗೆ ತೆಳು ಹತ್ತಿ ಅಥವಾ ಹತ್ತಿ–ಪಾಲಿಯೆಸ್ಟರ್ ಮಿಶ್ರ ಬಟ್ಟೆ, ಒಳಪದರವಿಲ್ಲದೆ, ಉತ್ತಮ. ಬೆಳಕಿಗೆ ಹಿಡಿದಾಗ ಕಿಟಕಿ ಸರಳುಗಳ ನೆರಳು ಕಾಣುವಷ್ಟು ತೆಳುವಿರಲಿ. ಮಖಮಲ್ಲು ಮತ್ತು ಹಿಂಬದಿಗೆ ಲೇಪನವಿರುವ ಬಟ್ಟೆ ಈ ಹವೆಗೆ ಒಗ್ಗುವುದಿಲ್ಲ.

ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರದ ಕಿಟಕಿಗೆ 48 ಅಂಗುಲ ಪನ್ನದ ಎರಡು ತುಂಡು ಬೇಕು. ಮೇಲೆ 4, ಕೆಳಗೆ 6 ಅಂಗುಲ ಇಳಿಬಿಟ್ಟು, ಮಡಿಕೆಗೆ 8 ಅಂಗುಲ ಸೇರಿಸಿದರೆ ತುಂಡೊಂದಕ್ಕೆ 66 ಅಂಗುಲ. ಹತ್ತಿ ಕುಗ್ಗುವುದನ್ನೂ ಲೆಕ್ಕ ಹಿಡಿದು ಮೂರೂಮುಕ್ಕಾಲು ಮೀಟರು ಕೊಂಡು, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒಣಗಿಸಿಯೇ ಹೊಲಿಸಬೇಕು. ಹಳೆಯ ಕೈಮಗ್ಗದ ಸೀರೆಯಾದರೆ ಈ ಕೆಲಸವೂ ಇಲ್ಲ; ಅದು ಆಗಲೇ ಕುಗ್ಗಿರುತ್ತದೆ, ಐದೂವರೆ ಮೀಟರಿನಲ್ಲಿ ಮೂರು ತುಂಡು ದೊರೆಯುತ್ತವೆ. ನೆಲ ಮುಟ್ಟುವ ಪರದೆ ನೋಡಲು ಚೆಂದವಾದರೂ ಒರೆಸಿದ ನೆಲದ ನೀರನ್ನು ಹೀರುತ್ತದೆ.

ಮರವಂತೆ, ಗಂಗೊಳ್ಳಿ, ಶಿರೂರಿನಂಥ ಕಡಲ ತಡಿಯ ಊರುಗಳಲ್ಲಿ ಉಪ್ಪುಗಾಳಿಗೆ ಕಬ್ಬಿಣದ ಸರಳು ಬೇಗ ತುಕ್ಕು ಹಿಡಿದು ಬಟ್ಟೆಗೆ ಕಲೆ ಮಾಡುತ್ತದೆ. ಅಲ್ಯೂಮಿನಿಯಂ ಕೊಳವೆ ಅಥವಾ ನಯಗೊಳಿಸಿದ ಬಿದಿರ ಗಳ ಸಾಕು. ಗೋಡೆಗೂ ಪರದೆಗೂ ನಡುವೆ ನಾಲ್ಕು ಬೆರಳು ಅಂತರವಿದ್ದರೆ ಹಿಂದೆ ಗಾಳಿಯಾಡುತ್ತದೆ.

ಆರೈಕೆಯಲ್ಲಿ ಬಹಳವಾಗಿ ಆಗುವ ತಪ್ಪು ಗಂಜಿ ಹಾಕುವುದು. ಬೇಸಿಗೆಯಲ್ಲಿ ಅಡ್ಡಿಯಿಲ್ಲ, ಮಳೆಗಾಲದಲ್ಲಿ ಗಂಜಿಯ ಪಿಷ್ಟವು ಬೂಷ್ಟಿಗೂ ಬೆಳ್ಳಿಹುಳುವಿಗೂ ಬಡಿಸಿಟ್ಟ ಊಟವಿದ್ದಂತೆ. ಮೇ ಕೊನೆಯಲ್ಲಿ ದಪ್ಪ ಪರದೆಗಳನ್ನು ತೆಗೆದು, ಒಗೆದು, ಗಂಜಿಯಿಲ್ಲದೆ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬಿಸಿ ಆರಿದ ಮೇಲೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿಡಬೇಕು. ಬಣ್ಣದವನ್ನು ಒಳಮಗ್ಗುಲು ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿ. ಕಿಟಕಿಗೆ ಉಳಿದ ತೆಳು ಪರದೆಯನ್ನು ಹಗಲು ಪೂರ್ತಿ ಸರಿಸಿಡಿ, ಬಿಸಿಲು ಕಂಡ ದಿನ ಬಿಡದೆ ಹೊರಗೆ ಹಾಕಿ.

ಬೂಷ್ಟು ಹಿಡಿದ ಪರದೆಯನ್ನು ಮನೆಯೊಳಗೆ ಕೊಡವಬಾರದು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಬ್ರಷ್‌ನಿಂದ ಉಜ್ಜಿ, ಸಾಬೂನು ಹಾಕಿದ ಬಿಸಿನೀರಿನಲ್ಲಿ ಒಗೆಯಿರಿ. ಬಿಳಿ ಹತ್ತಿಯಲ್ಲಿ ಕಲೆ ಉಳಿದರೆ 10 ಲೀಟರು ನೀರಿಗೆ ಎರಡು ಚಹಾ ಚಮಚ ಬ್ಲೀಚಿಂಗ್ ಪುಡಿ ಕದಡಿ, ತಿಳಿಯಲ್ಲಿ ಹದಿನೈದು ನಿಮಿಷ ನೆನೆಸಿ ಹಲವು ಸಲ ಜಾಲಿಸಬೇಕು. ಬಣ್ಣದ ಬಟ್ಟೆಗೆ ಇದು ಕೂಡದು. ತುಕ್ಕಿನ ಕಲೆಗೂ ಕೂಡದು, ಕಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಅದಕ್ಕೆ ಲಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೊಳೆದರಾಯಿತು. ಲಿಂಬೆಯನ್ನಾಗಲಿ ಹುಳಿಯ ಬೇರಾವ ಪದಾರ್ಥವನ್ನಾಗಲಿ ಬ್ಲೀಚಿಂಗ್ ನೀರಿಗೆ ಎಂದೂ ಬೆರೆಸಬಾರದು, ವಿಷಾನಿಲ ಹೊರಡುತ್ತದೆ.