ಶಿಲುಬೆ ಗಡಿಕಲ್ಲಲ್ಲ

ಚಾಮುಂಡಿ ಬೆಟ್ಟದ ಮೇಲಿಂದ ಮೈಸೂರನ್ನು ನೋಡುವವರಿಗೆ ಅರಮನೆಯ ಜೊತೆಗೆ ಸಂತ ಫಿಲೋಮಿನಾ ದೇವಾಲಯದ ಜೋಡಿ ಗೋಪುರಗಳೂ ಕಾಣುತ್ತವೆ. ಅವುಗಳ ತುದಿಯಲ್ಲಿ ಶಿಲುಬೆಗಳಿವೆ. 1933ರ ಅಕ್ಟೋಬರ್ 28ರಂದು ಆ ದೇವಾಲಯಕ್ಕೆ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಚಾಮುಂಡೇಶ್ವರಿಯನ್ನು ಕುಲದೇವತೆಯಾಗಿ ಪೂಜಿಸುವ ರಾಜಮನೆತನದವರು. ನಾಡಿನ ದೊರೆಯ ಒಪ್ಪಿಗೆಯಿಂದ, ಪ್ರೀತಿಯಿಂದ ಅಲ್ಲಿ ಶಿಲುಬೆ ಮೇಲೇರಿತು. ಆದರೆ ಚರಿತ್ರೆಯಲ್ಲಿ ಎಲ್ಲ ಕಡೆಯೂ ಹೀಗಾಗಲಿಲ್ಲ.

ನಮ್ಮ ಕರಾವಳಿಯನ್ನೇ ನೋಡೋಣ. ಕಲ್ಲಿಕೋಟೆಯಿಂದ ಹಿಂದಿರುಗುತ್ತಿದ್ದ ವಾಸ್ಕೋ ಡ ಗಾಮ 1498ರ ಸೆಪ್ಟೆಂಬರ್ 15ರಂದು ಒಂದು ನಡುಗಡ್ಡೆಯಲ್ಲಿ ಕಲ್ಲಿನ ಕಂಬ ನೆಡಿಸಿ, ಅದಕ್ಕೆ ಸಾಂತಾ ಮರಿಯ ಎಂದು ಹೆಸರಿಟ್ಟನು. ಮಲ್ಪೆಯ ಸೈಂಟ್ ಮೇರೀಸ್ ದ್ವೀಪಕ್ಕೆ ಆ ಹೆಸರು ಬಂದದ್ದು ಹೀಗೆ ಎಂಬ ಪ್ರತೀತಿ ಇದೆ. ಪೋರ್ಚುಗೀಸರ ಇಂತಹ ಕಂಬಗಳಲ್ಲಿ ತುದಿಗೆ ಶಿಲುಬೆ, ಕೆಳಗೆ ಅವರ ರಾಜನ ಲಾಂಛನ ಇರುತ್ತಿದ್ದವು. ದೇವರ ಗುರುತು, ಅರಸನ ಮುದ್ರೆ ಎರಡೂ ಒಂದೇ ಕಲ್ಲಿನಲ್ಲಿ!

ಉತ್ತರ ಅಮೆರಿಕದ ತೀರದಲ್ಲೂ ಇದೇ ನಡೆಯಿತು. 1534ರ ಜುಲೈ 24ರಂದು ಫ್ರಾನ್ಸಿನ ನಾವಿಕ ಜಾಕ್ ಕಾರ್ತಿಯೇ, ಇಂದಿನ ಕೆನಡಾದ ಗಾಸ್ಪೆಯಲ್ಲಿ 30 ಅಡಿ ಎತ್ತರದ ಶಿಲುಬೆ ನೆಡಿಸಿದನು. ಅದರ ಮೇಲೆ ಫ್ರಾನ್ಸಿನ ರಾಜನಿಗೆ ಜಯಕಾರ ಕೆತ್ತಲಾಗಿತ್ತು. ಅಲ್ಲಿನ ಜನರ ನಾಯಕ ದೊನ್ನಕೊನ ದೋಣಿಯಲ್ಲಿ ಬಂದು, ಬೆರಳುಗಳಿಂದ ಶಿಲುಬೆಯ ಆಕಾರ ಮಾಡಿ, ಸುತ್ತಲಿನ ನೆಲವನ್ನೆಲ್ಲ ತೋರಿಸಿದನು. 'ಇದು ನಮ್ಮದು, ನಮ್ಮನ್ನು ಕೇಳದೆ ನೆಟ್ಟಿರೇಕೆ?' ಎಂಬುದೇ ಅದರ ಅರ್ಥ. ದಾರಿಯ ಗುರುತಿಗಾಗಿ ನೆಟ್ಟಿದ್ದೇವೆ ಎಂದು ಫ್ರೆಂಚರು ಸಮಾಧಾನ ಹೇಳಿದರು; ಅವನ ಇಬ್ಬರು ಮಕ್ಕಳನ್ನು ತಮ್ಮೊಡನೆ ಕರೆದೊಯ್ದರು. 1536ರಲ್ಲಿ ದೊನ್ನಕೊನನನ್ನೇ ಸೆರೆಹಿಡಿದು ಒಯ್ದರು. ಅವನು ಮರಳಿ ತನ್ನ ನೆಲ ಕಾಣಲಿಲ್ಲ.

ಇಂತಹ ಆಕ್ರಮಣಗಳಿಗೆ ಅರಸರು ಜಗದ್ಗುರುಗಳ 1455 ಮತ್ತು 1493ರ ಶಾಸನಗಳನ್ನು ಆಧಾರವಾಗಿ ತೋರಿಸಿದರು. ಧರ್ಮಸಭೆಯಲ್ಲೇ ಇದಕ್ಕೆ ವಿರುದ್ಧವಾದ ದನಿಯೂ ಎದ್ದಿತು. ಆ ಜನರು ಕ್ರೈಸ್ತರಲ್ಲದಿದ್ದರೂ ಅವರ ಸ್ವಾತಂತ್ರ್ಯವನ್ನಾಗಲಿ ಆಸ್ತಿಯನ್ನಾಗಲಿ ಕಸಿಯಬಾರದೆಂದು ಮೂರನೆಯ ಪೌಲ ಜಗದ್ಗುರುಗಳು 1537ರಲ್ಲಿ ಸಾರಿದರು. 2022ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಕೆನಡಾಕ್ಕೆ ಹೋಗಿ ಮೂಲನಿವಾಸಿಗಳ ಕ್ಷಮೆ ಕೇಳಿದರು. 'ಕಂಡುಹಿಡಿದವನಿಗೇ ನೆಲ' ಎಂಬ ವಾದ ಕಥೋಲಿಕ ಬೋಧನೆಯ ಭಾಗವಲ್ಲ ಎಂದು 2023ರ ಮಾರ್ಚ್ 30ರಂದು ವ್ಯಾಟಿಕನ್ ಸ್ಪಷ್ಟಪಡಿಸಿತು.

ಪ್ರಿಯ ಓದುಗರೇ, ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಯೇಸುಸ್ವಾಮಿಗೆ ಸ್ವಂತವೆನ್ನಲು ಮೈಮೇಲಿನ ಬಟ್ಟೆಯೂ ಉಳಿದಿರಲಿಲ್ಲ. ಅದನ್ನೂ ಸೈನಿಕರು ಹಂಚಿಕೊಂಡರು. ಎಲ್ಲವನ್ನೂ ಕೊಟ್ಟವನ ಗುರುತನ್ನು, ಕಿತ್ತುಕೊಳ್ಳುವುದಕ್ಕೆ ಬಳಸಬಹುದೇ? ತಕರಾರಿರುವ ಜಾಗದಲ್ಲಿ ಶಿಲುಬೆ ನೆಟ್ಟು ಹಕ್ಕು ಸಾಧಿಸುವ ಯೋಚನೆ ನಮ್ಮಲ್ಲಿ ಯಾರಿಗಾದರೂ ಬಂದರೆ, ಬೆರಳಿನಿಂದ ಶಿಲುಬೆ ಮಾಡಿ ತೋರಿಸಿದ ದೊನ್ನಕೊನನನ್ನು ನೆನೆಯೋಣ. ನೆರೆಯವರು ಶಿಲುಬೆಯನ್ನು ಕಂಡಾಗ ಅಂಜಬಾರದು. ಅಲ್ಲಿ ತಮಗೂ ಆಸರೆಯಿದೆ ಎನ್ನಬೇಕು.

ಕುಟುಂಬದಲ್ಲಿ ಚರ್ಚಿಸಲು:

1. ನಮ್ಮ ಮನೆಯ ಶಿಲುಬೆ ನೆರೆಹೊರೆಯವರಿಗೆ ಏನನ್ನು ಹೇಳುತ್ತಿದೆ?

2. ಗಡಿ, ಬೇಲಿ, ಪಾಲುಗಳ ಜಗಳ ನಮ್ಮಲ್ಲಿದ್ದರೆ, ಈ ವಾರ ಅದಕ್ಕಾಗಿ ಇಡಬಹುದಾದ ಮೊದಲ ಹೆಜ್ಜೆ ಯಾವುದು?